ಅಪ್ಪ ಎಳೆದ ಕೆಂಪು ಗೆರೆ

ಅಪ್ಪಾ,

ನಿನ್ನೆ ಮಧ್ಯಾಹ್ನ ಎರಡೇ ಗಂಟೆಯಲ್ಲಿ ಒಂದು ತಿಂಗಳ ಮಳೆ ಸುರಿಯಿತು. ನೀವು ಎಂಜಿನಿಯರಾಗಿದ್ದಾಗ ಕೆರೆಯ ಗೋಡೆಯ ಮೇಲೆ ಎಳೆಸಿದ ಕೆಂಪು ಗೆರೆಯನ್ನು ನೀರು ಮುಟ್ಟುವವರೆಗೂ ಕೆರೆಯ ಕಾವಲುಗಾರ ನೀರು ಹೊರಬಿಡುವ ಗೇಟು ತೆರೆಯಲಿಲ್ಲ. ತೆರೆಯುವಷ್ಟರಲ್ಲಿ ಕೆರೆ ಉಕ್ಕಿ, ಕೆಳಬೀದಿಯ ತಂಗಿಯ ಮನೆಗೆ ನುಗ್ಗಿತ್ತು. ಅವಳು ಮಗುವನ್ನು ಎತ್ತಿಕೊಂಡು ಮಹಡಿಗೆ ಓಡಿ ಬದುಕಿಕೊಂಡಳು.

ನಾನು ಹೋಗಿ ಕಾವಲುಗಾರನ ಮೇಲೆ ರೇಗಿದೆ. "ಸಾಹೇಬ್ರ ಗೆರೆ ಮೀರೋಕೆ ನಾನ್ಯಾವ ದೊಡ್ಡ ಮನುಷ್ಯ ಅಕ್ಕಾ? ಇಪ್ಪತ್ತು ವರ್ಷ ಅದು ಕೈಕೊಟ್ಟಿಲ್ಲ," ಅಂದ.

ಬಿಸಿಯಾದ ಗಾಳಿ ಹೆಚ್ಚು ನೀರು ಹೊತ್ತು ತಂದು ಒಮ್ಮೆಲೇ ಸುರಿಯುತ್ತದೆ ಎಂದು ಎಷ್ಟೋ ವರ್ಷಗಳಿಂದ ಓದುತ್ತಿದ್ದೇನೆ. ಪತ್ರಿಕೆಗಳಿಗೆ ಬರೆದಿದ್ದೇನೆ, ಕಚೇರಿಗಳಲ್ಲಿ ಜಗಳವಾಡಿದ್ದೇನೆ. ಆದರೆ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಿದ್ದ ನೀವು, "ಮಳೆ ಹೇಗಿದೆಯಮ್ಮಾ? ಗೆರೆ ಇಳಿಸಬೇಕಾ?" ಎಂದು ಕೇಳಿದಾಗ ಮಾತ್ರ, "ಎಲ್ಲಾ ನಿಮ್ಮ ಲೆಕ್ಕದ ಹಾಗೇ ಇದೆ, ಮಲಗಿ," ಅಂದಿದ್ದೆ.

ಈಗ ಮತ್ತೆ ಮೋಡ ಕವಿದಿದೆ. ಕಚೇರಿಯಲ್ಲಿ ಯಾರೂ ಫೋನು ಎತ್ತುತ್ತಿಲ್ಲವಂತೆ. ಕಾವಲುಗಾರ ಬಣ್ಣದ ಡಬ್ಬಿ ಹಿಡಿದು ನಮ್ಮ ಬಾಗಿಲಿಗೇ ಬಂದಿದ್ದಾನೆ.

"ಹೊಸ ಗೆರೆ ಎಲ್ಲಿ ಎಳೀಲಿ ಅಕ್ಕಾ?"

"ಇರು, ಅಪ್ಪನ್ನ ಕೇಳಿ ಹೇಳ್ತೀನಿ," ಅಂದುಬಿಟ್ಟೆ.

ಅವನು ಡಬ್ಬಿ ಹಿಡಿದುಕೊಂಡೇ ಕಾಯುತ್ತಿದ್ದಾನೆ.