ಸಿಳ್ಳೆ ಹಾಕಬಾರದ ಕಾಡು

ಕಹಯಾನ್ ನದಿಯ ಕೆಳದಂಡೆ, ಕಲಿಮಂತಾನ್

ಅಜ್ಜಿ,

ಇಲ್ಲಿನ ಕಾಡು ನಮ್ಮ ಗುಡ್ಡದ ಹಾಗಲ್ಲ. ಮೇಲಿನ ಬೆಂಕಿ ಆರಿದರೂ ಈ ಕಪ್ಪು ಜೌಗು ನೆಲ ಒಳಗೊಳಗೇ ಉರಿಯುತ್ತದೆ. ಅದರಿಂದೇಳುವ ಮೀಥೇನ್ ಕಣ್ಣಿಗೂ ಕಾಣದು, ಮೂಗಿಗೂ ತಿಳಿಯದು. ಅದನ್ನು ಅಳೆಯುವ ಪೆಟ್ಟಿಗೆ ಹೊರುವವಳು ನಾನೇ.

ನಿನ್ನೆ ಆ ಸುಟ್ಟ ವಾಸನೆಗೆ ಬಿತ್ತನೆಗೆ ಮುಂಚೆ ನಮ್ಮ ಹೊಲ ಸುಡುವ ದಿನಗಳು ನೆನಪಾಗಿ, ಬೆಂಕಿ ಚೆನ್ನಾಗಿ ಹತ್ತಲೆಂದು ಗಾಳಿ ಕರೆಯಲು ನೀನು ಹಾಕುತ್ತಿದ್ದ ಸಿಳ್ಳೆ ಬಾಯಿಗೆ ಬಂದುಬಿಟ್ಟಿತು. ಬೆಂಕಿ ಆರಿಸುತ್ತಿದ್ದ ಉಂಬಿಂಗ್ ಮಾಮ ಪೈಪು ಬಿಸಾಕಿ ಓಡಿಬಂದ.

"ಏ ಹುಚ್ಚಿ, ಬಾಯಿ ಮುಚ್ಚೇ! ಗಾಳಿ ಬಂದ್ರೆ ನಿಮ್ಮಜ್ಜಿ ಬಂದು ಆರಿಸ್ತಾಳಾ?"

ಊಟಕ್ಕೆ ಕೂತಾಗ, ಆ ಸಿಳ್ಳೆ ನಿನ್ನಿಂದ ಕಲಿತದ್ದೆಂದು ಹೇಳಿದೆ. ಆಮೇಲೆ ಅವನೇ ಮೆಲ್ಲಗೆ ಕೇಳಿದ: "ಅಜ್ಜಿಗೆ ಮಳೆ ಕರೆಯೋ ಸಿಳ್ಳೆ ಏನಾದ್ರೂ ಬರುತ್ತೇನೇ?"

ನನಗೆ ಕೆಮ್ಮು ಇದೆ, ಜ್ವರವಿಲ್ಲ. ಅಂಚೆ ಕಾರ್ಡು ತುಂಬಿತು. ಅಂಥದೊಂದು ಸಿಳ್ಳೆ ನಿನಗೆ ಬರುವುದಾದರೆ, ಅಂಗಳಕ್ಕೆ ಬಂದು ಈ ಕಡೆ ಮುಖ ಮಾಡಿ ಹಾಕು.

ಲೆಸ್ತಿ