ಒಂದು ಕವಳಕ್ಕೆ ಎರಡು ಎತ್ತು

ಪೊಲೀಸ್ ತರಬೇತಿ ಶಾಲೆಯ ಮುಖ್ಯಾಧಿಕಾರಿಗಳಿಗೆ,

ನಗರ, ಜುಲೈ ೧೯೬೪

ಮಾನ್ಯರೇ, ತಮ್ಮ ಶಾಲೆಯಲ್ಲಿ ಮೋಟಾರು ವಾಹನ ಕಾಯಿದೆಯ ವ್ಯಾಖ್ಯೆಗಳನ್ನು ಉರುಹೊಡೆದು ನಮ್ಮೂರ ಠಾಣೆಗೆ ಅಭ್ಯಾಸಕ್ಕೆ ಬಂದಿರುವ ಶಿಕ್ಷಣಾರ್ಥಿಯೊಬ್ಬರು, ಅದೇ ಕಾಯಿದೆಯಡಿ ಒಂದು ಜೊತೆ ಎತ್ತು ಹಿಡಿದು ಠಾಣೆಯ ಹಿಂದೆ ಕಟ್ಟಿದ್ದಾರೆ. ಎತ್ತುಗಳು ಗೇಣಿ ರೈತ ಜಟ್ಟಿಂಗಪ್ಪನವು. ಭತ್ತದ ಅಗೆ ನಾಟಿಗೆ ಬಲಿತು ನಿಂತಿದೆ. ಗದ್ದೆ ಹೂಡಲು ಅವನಿಗೆ ಬೇರೆ ಎತ್ತಿಲ್ಲ.

ಕಳೆದ ವಾರ ನಾನೂ ನನ್ನ ಹೆಂಡತಿ ಶರಾವತಿಯೂ ಬರುತ್ತಿದ್ದ ನಮ್ಮ ಮುದಿ ಜೀಪು ಹುಲಿಕಲ್ ಹತ್ತಿರ ಕೆಟ್ಟು ನಿಂತಿತು. ಈ ಕಡೆ ಗಾಡಿ ಕೆಟ್ಟರೆ ಹತ್ತಿರದ ಮನೆಯವರು ಎತ್ತು ಕಟ್ಟಿ ಎಳೆದುಕೊಡುವುದು, ಎಳೆಸಿಕೊಂಡವರು ಎಲೆ ಅಡಿಕೆಯ ಕವಳ ಕೊಟ್ಟು ಕಳಿಸುವುದು ರೂಢಿ. ಕವಳ ಕೊಡದಿದ್ದರೆ ಅವಮಾನ, ಕಾಸು ಕೊಟ್ಟರೆ ಇನ್ನೂ ದೊಡ್ಡ ಅವಮಾನ. ಜಟ್ಟಿಂಗಪ್ಪ ನಮ್ಮನ್ನು ನಮ್ಮೂರು ನಗರದವರೆಗೂ ಎಳೆದು ತಂದ. ಅಲ್ಲಿ ತಮ್ಮ ಶಿಕ್ಷಣಾರ್ಥಿ ನಿಂತಿದ್ದರು.

“ಇವನು ಪುಕ್ಕಟೆ ಎಳೆದ್ನಾ?”

“ಒಂದು ಕವಳ ಕೊಟ್ಟೆ, ಅಷ್ಟೆ,” ಎಂದಳು ಶರಾವತಿ.

“ಅದೇ ಪ್ರತಿಫಲ. ಪ್ರತಿಫಲ ತಗೊಂಡು ಜನರನ್ನ ಸಾಗಿಸಿದ್ರೆ ಅದು ಬಾಡಿಗೆ ವಾಹನ. ಪರ್ಮಿಟ್ ಎಲ್ಲಿ?”

ಜಟ್ಟಿಂಗಪ್ಪ ಹೆದರಿ ಬಾಯಲ್ಲಿದ್ದ ಕವಳವನ್ನೇ ಉಗಿದುಬಿಟ್ಟ. ಸಾಕ್ಷ್ಯನಾಶದ ಕೇಸು ಹಾಕಲಿಲ್ಲ, ಅದು ಅವರ ದೊಡ್ಡತನ.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಗಿಣಿಗೆ ಪಾಠ ಹೇಳಿದವರು ತಾವು. ಯಂತ್ರಬಲದಿಂದ ನಡೆಯುವುದು ಮೋಟಾರು ವಾಹನ ಎಂದು ತಮ್ಮ ಕಾಯಿದೆಯೇ ಹೇಳುತ್ತದಂತೆ. ಹಾಗಾದರೆ ಜಟ್ಟಿಂಗಪ್ಪನ ಎತ್ತು ಯಾವ ಕಂಪನಿಯ ಯಂತ್ರ, ಸ್ವಾಮಿ? ಜೀಪನ್ನೇಕೆ ಹಿಡಿಯಲಿಲ್ಲ ಎಂದು ತಮ್ಮ ಶಿಕ್ಷಣಾರ್ಥಿಯನ್ನು ಕೇಳಿದೆ. ಅದು ನಡೆಯುವುದಿಲ್ಲವಲ್ಲ ಎಂದರು. ಎತ್ತುಗಳು ಪಾಪ, ಕರೆದಲ್ಲಿಗೆ ನಡೆದೇ ಹೋದವು. ಈಗ ಅವುಗಳ ಯಜಮಾನ ದಿನವೂ ಹುಲ್ಲು ಹೊತ್ತು ಠಾಣೆಗೆ ಹೋಗುತ್ತಾನೆ. ಸರ್ಕಾರದ ಕೈದಿಗಳಿಗೆ ಮನೆಯೂಟ.

ನನ್ನ ಬೇಡಿಕೆ ಒಂದೇ. ಈ ಕಾಗದ ಓದಿದ ದಿನವೇ ಎತ್ತುಗಳನ್ನು ಬಿಡಿಸಿ. ಕೇಸಿಗೆ ಏನಾದರೂ ಬೇಕೇ ಬೇಕೆಂದರೆ ಜೀಪನ್ನು ನಾನೇ ತಳ್ಳಿ ತಂದು ಒಪ್ಪಿಸುತ್ತೇನೆ, ಅದು ಓಡಿಹೋಗುವ ಭಯವಿಲ್ಲ.

ನಿನ್ನೆ ಜಟ್ಟಿಂಗಪ್ಪ ನಮ್ಮ ಜಗುಲಿಗೆ ಬಂದಿದ್ದ. ಶರಾವತಿ ಎಂದಿನಂತೆ ಎಲೆ ಅಡಿಕೆ ತಟ್ಟೆ ಮುಂದಿಟ್ಟಳು. ಅವನು ಮುಟ್ಟಲಿಲ್ಲ.

“ಬ್ಯಾಡ ಅಮ್ಮ,” ಎಂದ. “ಮೊದ್ಲು ಎತ್ತು ಮನೆಗೆ ಬರ್ಲಿ.”

ಇಂತಿ,
ಕವಳ ಕೊಟ್ಟು ಕೆಟ್ಟ ಮನೆಯ ಯಜಮಾನ,
ಹೂವಯ್ಯ