ದೊಡ್ಡ ಹಾಲೆಯ ಚೀಟಿ

ಜೂನ್ ೧೭, ಯಾಶ್ ಪಟ್ಟಣ

ನಿನ್ನೆಯೂ ಅದೇ ಕನಸು: ತಟ್ಟೆಯಲ್ಲಿದ್ದ ಯಕೃತ್ತು ಹೊರಳಿ ನನಗೆ ಬೆನ್ನು ತೋರಿಸಿತು.

ನಾನು ಗುಡಿಸಿ ತೊಳೆಯುವ ಶವಚ್ಛೇದನ ಕೋಣೆಯಲ್ಲಿ ಅಂಗಗಳಿಗೆ ಕಟ್ಟಿದ್ದ ಹಳೇ ಚೀಟಿಗಳು ಕೊಳೆತಿದ್ದವೆಂದು ಹೊಸವನ್ನು ನಾನೇ ಬರೆದು ಕಟ್ಟಿದ್ದೆ. ಯಕೃತ್ತಿನ ಎರಡು ಹೋಳುಗಳಲ್ಲಿ ದೊಡ್ಡದು, ಅಂದರೆ ದೊಡ್ಡ ಹಾಲೆ, ನನ್ನ ಎಡಗೈ ಕಡೆಗಿತ್ತು, ‘ಎಡ’ ಎಂದು ಬರೆದೆ. ಅದನ್ನೇ ನೋಡಿ ಕಲಿತ ವಿದ್ಯಾರ್ಥಿನಿ ಸ್ಮರಾಂದಾ ಇವತ್ತು ಪರೀಕ್ಷೆಯಲ್ಲಿ ಫೇಲಾದಳು.

“ಎಡ ಬಲ ಸತ್ತವನದ್ದಮ್ಮಾ, ನಿನ್ನದಲ್ಲ! ಕಟುಕನ ಅಂಗಡೀಲಿ ಕಲಿತ್ಯಾ?” ಎಂದರು ಪ್ರೊಫೆಸರಮ್ಮ. ಎಲ್ಲರೂ ನಕ್ಕರು. ಬಕೆಟ್ ಹಿಡಿದು ನಿಂತಿದ್ದ ನಾನೂ ನಕ್ಕೆ.

ಹೊರಗೆ ಬಂದು ಅವಳು, “ಪಾಮ್‌ಫಿಲ್ ಮಾಮಾ, ಚೀಟೀಲಿ ಹಾಗೇ ಇತ್ತಲ್ವಾ?” ಎಂದಳು.

“ನಾನು ನೋಡಿಲ್ಲ ಕಣಮ್ಮಾ” ಅಂದೆ. ಚೀಟಿ ಆಗಲೇ ನನ್ನ ಜೇಬಿನಲ್ಲಿತ್ತು.

ಫಲಿತಾಂಶ ಹಚ್ಚುವ ಮುಂಚೆ ಪ್ರೊಫೆಸರಮ್ಮನಿಗೆ ಹೇಳಿಬಿಡಬೇಕು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನೆಂದು ನಗಲಿ. ಆದರೆ ಪಾಮ್‌ಫಿಲ್, ಹೊಸ ಚೀಟಿ ಕಟ್ಟುವ ಮೊದಲು ಪಿತ್ತಕೋಶ ಯಾವ ಹಾಲೆಯ ಕೆಳಗಿದೆ, ಇನ್ನೊಂದು ಸಲ ನೋಡು; ಅದೇ ಬಲ.